ಹಿಂದಿರುಗಿ ಬರುವವನೇ ಜಾಣ

ರಜೆ ಬಂತೆಂದರೆ ಸಾಕು, ಚಿಕ್ಕಮಗಳೂರಿನ ಹುಡುಗ ಹುಡುಗಿಯರ ಬೆನ್ನಿಗೆ ಚೀಲ ಏರುತ್ತದೆ. ಈಚೆಗೆ ಮುಳ್ಳಯ್ಯನಗಿರಿ ಸಾಲದಾಗಿದೆ, ಹಿಮಾಲಯದ ಸರೋವರಗಳೇ ಆಗಬೇಕು. ದಡದ ಹತ್ತಿರ ಡೇರೆ ಹಾಕಿ ಮಲಗಬೇಕು, ಬೆಳಿಗ್ಗೆ ಎದ್ದು ನೀಲಿ ನೀರಿನಲ್ಲಿ ಹಿಮದ ಶಿಖರ ನೋಡಬೇಕು. ಆಸೆ ಒಳ್ಳೆಯದೇ. ಮನೆಯಲ್ಲಿ ಮೊಬೈಲು ಹಿಡಿದು ಕೂರುವುದಕ್ಕಿಂತ ನೂರು ಪಾಲು ಮೇಲು. ಆದರೆ "ಮುಳ್ಳಯ್ಯನಗಿರಿ ಹತ್ತಿದೋರಿಗೆ ಅದೇನ್ ಮಹಾ?" ಎಂಬ ಮಾತಿದೆಯಲ್ಲ, ಅದು ಒಳ್ಳೆಯದಲ್ಲ.

ಲೆಕ್ಕ ನೋಡಿ. ಮುಳ್ಳಯ್ಯನಗಿರಿ ಕರ್ನಾಟಕಕ್ಕೇ ಎತ್ತರದ ಶಿಖರ, 1,930 ಮೀಟರು. ಉತ್ತರಾಖಂಡದ ಸಹಸ್ರತಾಲ್ ಸರೋವರಗಳು ಇರುವುದು ಸುಮಾರು 4,400 ಮೀಟರಿನಲ್ಲಿ. ಒಂದರ ಮೇಲೊಂದು ಎರಡು ಮುಳ್ಳಯ್ಯನಗಿರಿ ಪೇರಿಸಿದರೂ ಆ ನೀರು ಕೈಗೆಟುಕದು! ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ಮಟ್ಟದಲ್ಲಿ ಸಿಗುವುದರ ನೂರಕ್ಕೆ ಅರವತ್ತರಷ್ಟು ಮಾತ್ರ.

2024ರ ಜೂನ್ ಮೊದಲ ವಾರದಲ್ಲಿ ಅದೇ ಸಹಸ್ರತಾಲ್ ದಾರಿಯಲ್ಲಿ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಹೆಚ್ಚಿನವರು ಕರ್ನಾಟಕದವರೇ. 9 ಮಂದಿ ತೀರಿಕೊಂಡರು. ವಾಯುಪಡೆಯ ಹೆಲಿಕಾಪ್ಟರುಗಳೂ ವಿಪತ್ತು ಪರಿಹಾರ ಪಡೆಯವರೂ ಹೋದದ್ದರಿಂದ ಉಳಿದವರು ಕೆಳಗೆ ಬಂದರು. ರಾಜ್ಯದ ಕಂದಾಯ ಸಚಿವರೇ ಡೆಹ್ರಾಡೂನಿಗೆ ಧಾವಿಸಬೇಕಾಯಿತು. ಸತ್ತವರನ್ನು ದೂರುವುದು ಸಲ್ಲದು. ಅವರಲ್ಲಿ ಬೆಟ್ಟ ಹತ್ತಿ ಪಳಗಿದವರೂ ಇದ್ದರು. ಪಳಗಿದವರ ಪಾಡೇ ಹೀಗಾದರೆ ಹೊಸಬರ ಗತಿ ಏನು?

3,000 ಮೀಟರು ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಮೇಲೇರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಸುಮ್ಮನೆ ಕೂರಬೇಕು ಎಂಬುದು ಬಲ್ಲ ವೈದ್ಯರ ಮಾತು. ಆದರೆ ಆಫೀಸಿನ ರಜೆ ಎಣಿಸಿಕೊಟ್ಟಿದ್ದು, ವಾಪಸ್ ರೈಲಿನ ಟಿಕೆಟ್ಟು ಕಿಸೆಯಲ್ಲೇ ಇರುವುದು. ಹಾಗಾಗಿ ಮೊದಲು ಕತ್ತರಿ ಬೀಳುವುದೇ ಆ ಸುಮ್ಮನೆ ಕೂರುವ ದಿನಕ್ಕೆ. ತಲೆನೋವು ಬಂದರೆ ಹೇಳಿಕೊಳ್ಳಲು ನಾಚಿಕೆ. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಅದು ಆಯಾಸವಲ್ಲ, ಮಿದುಳಿಗೋ ಶ್ವಾಸಕೋಶಕ್ಕೋ ನೀರು ಸೇರುತ್ತಿರುವ ಸೂಚನೆ. ತಡಮಾಡದೆ ಕೆಳಗಿಳಿಸುವುದೇ ಅದಕ್ಕೆ ಮೊದಲ ಮದ್ದು. ಬೆಳಿಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನಕ್ಕೆ ಕವಿದುಕೊಳ್ಳುವುದು ಅಲ್ಲಿ ಮಾಮೂಲು. ಹತ್ತಿಯ ಬಟ್ಟೆ ಒದ್ದೆಯಾಗಿ ಮೇಲೆ ಗಾಳಿ ಬೀಸಿದರೆ ಮೈಯ ಕಾವು ಕೆಲವೇ ಗಂಟೆಯಲ್ಲಿ ಇಳಿದುಹೋಗುತ್ತದೆ.

ಇದೆಲ್ಲ ದಾರಿ ತೋರಿಸುವ ಪಹಾಡಿಗೆ ಗೊತ್ತಿಲ್ಲವೇ? ಗೊತ್ತು. ಆದರೆ "ದುಡ್ಡು ಕೊಟ್ಟಿದ್ದೀವಿ ಕಣ್ರೀ, ಕೆರೆ ತೋರಿಸಿ" ಅಂತ ಹತ್ತು ಜನ ಪಟ್ಟು ಹಿಡಿದರೆ ದಿನಗೂಲಿಯವನು ಎಷ್ಟೊತ್ತು ತಾನೇ ಎದುರಾಡಿಯಾನು? ರೋಗವಿರುವುದು ಇಲ್ಲಿ. ಬೇಡ ಎನ್ನುವ ಹಕ್ಕನ್ನು ಅವನಿಗೆ ದುಡ್ಡು ಕಟ್ಟುವ ಮೊದಲೇ ಬರೆದುಕೊಡಬೇಕು.

ಆದ್ದರಿಂದ ತಂಡ ಕಳಿಸುವ ಕಾಲೇಜುಗಳು, ಹಣ ಕೊಡುವ ತಂದೆತಾಯಿಗಳು ನಾಲ್ಕು ಪ್ರಶ್ನೆ ಕೇಳಲಿ. ಹವೆ ಕೆಟ್ಟರೆ ಕಾಯಲು ಹೆಚ್ಚುವರಿ ದಿನ ಇದೆಯೇ? ಹಿಂದಿರುಗಿ ಎಂದು ಮುಖಂಡ ಹೇಳಿದರೆ ಅದೇ ಕಡೆಯ ಮಾತೇ? ಆಮ್ಲಜನಕದ ಸಿಲಿಂಡರು, ಕೆಳಗಿನವರಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಇವೆಯೇ? ಹೊರೆ ಹೊರುವವರ ಕಾಲಿಗೆ ಸರಿಯಾದ ಬೂಟು, ತಲೆಯ ಮೇಲೆ ಸರಿಯಾದ ಡೇರೆ ಉಂಟೇ? ತಮ್ಮ ಆಳುಗಳನ್ನೇ ಚಳಿಗೆ ಬಿಟ್ಟವರು ಗಿರಾಕಿಯನ್ನು ಕಾಪಾಡುತ್ತಾರೆಂಬ ನಂಬಿಕೆ ಹೇಗೆ? "ನೋಡೋಣ ಸಾರ್, ಎಲ್ಲಾ ಆಗುತ್ತೆ" ಎಂಬ ಉತ್ತರ ಬಂದರೆ ಕಿಸೆಗೆ ಹಾಕಿದ ಕೈ ಹೊರಗೆ ತೆಗೆಯಬೇಡಿ.

ಅರ್ಧ ದಾರಿಯಿಂದ ಹಿಂದೆ ಬಂದ ಹುಡುಗನನ್ನು ಊರಿನವರು ಗೇಲಿ ಮಾಡುವುದನ್ನೂ ಬಿಡಬೇಕು. ಸರೋವರ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ನೋಡಲು ಹೋಗುವವನು ಉಳಿದಿರಬೇಕು, ಅಷ್ಟೆ.