ರದ್ದಿಗೆ ಹಾಕೂ ಮುಂಚೆ ಕೇಳ್ರಿ

"ಇಷ್ಟು ದೊಡ್ಡ ಮಗ ಇನ್ನೂ ಆಟದ ಸಾಮಾನು ಕೂಡಸ್ತಾನಂತಲ್ಲ?" ಅಂತ ಮೊನ್ನೆ ಅರಿಷಿಣ ಕುಂಕುಮಕ್ಕ ಬಂದೋರು ನಕ್ರು. ನಕ್ಕೋರ ಮನಿ ಅಟ್ಟದ ಮ್ಯಾಲೆ ಒಮ್ಮೆನೂ ಒಲಿ ಕಾಣದ ಸ್ಟೀಲ್ ಡಬರಿ ಎಷ್ಟವ ಅಂತ ನಂಗ ಗೊತ್ತದ. ನಮ್ಮ ಡಬರಿ ಸಂಸಾರ, ಅವನ ಗೇಮ್ ಬಾಯ್ ಕ್ಯಾಸೆಟ್ ಕಸ! ಇದ್ಯಾವ ನ್ಯಾಯರೀ?

ನಾನೂ ಹಂಗ ತಿಳ್ಕೊಂಡಿದ್ದೆ. ಅವ ಹಾಸ್ಟೆಲ್‌ನಾಗಿದ್ದಾಗ, ಮಾಮಾ ಪರದೇಶದಿಂದ ತಂದುಕೊಟ್ಟಿದ್ದ ಕ್ಯಾಸೆಟ್ ಡಬ್ಬಿ ರದ್ದಿಯವನಿಗೆ ಕೊಟ್ಟುಬಿಟ್ಟೆ. ಬಂದವ ಸಿಟ್ಟಾಗಲಿಲ್ಲ. ಡಬ್ಬಿ ಇದ್ದ ಜಾಗ ನೋಡಿ ಸುಮ್ಮನಾದ. ಈಗ ತನ್ನ ಪಗಾರದಾಗ ಒಂದೊಂದ ಹುಡುಕಿ ತರ್ತಾನ.

"ಮೊಬೈಲ್‌ನಾಗ ಫುಕಟ್ ಸಿಗ್ತಾವಲ್ಲ" ಅಂತೀರಿ. ಸಿಗ್ತಾವ. ಆದ್ರ ಹಳೇ ಪೋಕೆಮಾನ್ ಕ್ಯಾಸೆಟ್ಟಿನೊಳಗ ನಾಣ್ಯದಂಥ ಸಣ್ಣ ಬ್ಯಾಟರಿ ಇರ್ತದ. ಹುಡುಗ ಎಲ್ಲಿ ತನಕ ಆಡಿದ್ದ ಅನ್ನೋದನ್ನ ಆ ಬ್ಯಾಟರಿ ಜೀವ ಇರೂತನಕ ಕ್ಯಾಸೆಟ್ಟು ನೆನಪಿಡ್ತದ. ನನ್ನ ಕೈಯಿಂದ ಅವನ ಐದನೇತ್ತಾದ ಸೂಟಿ ರದ್ದಿ ತಕ್ಕಡಿಗೆ ಹೋತು.

1989ರಾಗ ಜಪಾನಿನ ನಿಂಟೆಂಡೊ ತಂದ ಈ ಯಂತ್ರಕ್ಕ ನಾಲ್ಕು ಪೆನ್ಸಿಲ್ ಸೆಲ್ ಸಾಕು. ಮೊನ್ನೆ ಅವ ನನ್ನ ಕೈಗೆ ಟೆಟ್ರಿಸ್ ಹಾಕಿಕೊಟ್ಟ. ಮ್ಯಾಲಿಂದ ಬೀಳೋ ತುಂಡು ತಿರುಗಿಸಿ ಸಾಲು ತುಂಬಸೋದು. ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ!

ಅವನಿಗೂ ಹೇಳೇನಿ: ತಂದದ್ದನ್ನ ಆಡು. ಸೀಲ್ ಒಡೀದೇ ಗಾಜಿನ ಕಪಾಟಿನಾಗ ಇಟ್ರ ಅದೂ ನಮ್ಮ ಅಟ್ಟದ ಡಬರಿನ.

ನಿಮಗ ಇಷ್ಟೇ ಹೇಳೋದು. ದೀಪಾವಳಿಗೆ ಮನಿ ಸ್ವಚ್ಛ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಮಕ್ಕಳ ಡಬ್ಬಿ ಹೊರಗ ಹಾಕೂ ಮುಂಚೆ ಒಂದು ಫೋನ್ ಮಾಡಿ ಕೇಳ್ರಿ.