ಮಣ್ಣಿನೊಳಗಿನ ಅಮಾನತ್ತು

ಸಂಡೂರಿನ ಅದಿರು ಹೊತ್ತ ಲಾರಿಗಳು ಓಡಾಡುತ್ತಿದ್ದಾಗ ರಸ್ತೆಬದಿಯ ಮನೆಗಳಲ್ಲಿ ಒಣಹಾಕಿದ ಬಟ್ಟೆಯೂ ಕೆಂಪಾಗುತ್ತಿದ್ದುದು ಹೊಸಪೇಟೆ ಕಡೆಯ ಸಹೋದರಿಯರಿಗೆ ನೆನಪಿರಬಹುದು. ಕಬ್ಬಿಣದಲ್ಲಿ ಮನುಷ್ಯರಿಗೆ ಪ್ರಯೋಜನಗಳಿವೆಯೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಉಕ್ಕು, ಉದ್ಯೋಗ, ರಾಜಧನ ಇವೆಲ್ಲ ದೇಶದ ಬೊಕ್ಕಸಕ್ಕೆ ಆಧಾರವೇ. ಆದರೆ ಅಕ್ರಮ ಗಣಿಗಾರಿಕೆಯಲ್ಲಿ ಲಾಭ ಕೆಲವರ ಪಾಲಾಯಿತು, ಧೂಳು ಎಲ್ಲರ ಪಾಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಕೂಲಿಯವರ ಒಲೆಯೂ ಆರಿತು.

ಅಬ್ಯದ್ ಬಿನ್ ಹಮ್ಮಾಲ್(ರ)ರಿಗೆ ಕೊಟ್ಟಿದ್ದ ಉಪ್ಪಿನ ಗಣಿ ಬತ್ತದ ನೀರಿನಂತಹುದೆಂದು ತಿಳಿದಾಗ ಪ್ರವಾದಿಯವರು(ಸ) ಅದನ್ನು ಹಿಂಪಡೆದರು. ಎಲ್ಲರಿಗೂ ಬೇಕಾದುದು ಒಬ್ಬರ ಸೊತ್ತಾಗಬಾರದು.

2015ರ ಕಾನೂನಿನಂತೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಗಣಿಬಾಧಿತರಿಗೆ ಸಲ್ಲಬೇಕು. ನಮ್ಮೂರಿನ ಶಾಲೆಗೆ, ಕುಡಿಯುವ ನೀರಿಗೆ ಎಷ್ಟು ಬಂತೆಂದು ಗ್ರಾಮಸಭೆಯಲ್ಲಿ ಕೇಳೋಣ. ನೆಲದ ಸಂಪತ್ತು ಅಲ್ಲಾಹನ ಅಮಾನತ್ತು. ಅದರ ಲೆಕ್ಕ ಇಲ್ಲಿಯೂ ಇದೆ, ಅಲ್ಲಿಯೂ ಇದೆ.