ಮುಳುಗಿದ ಎಂಜಿನ್: ದುರಸ್ತಿಯೋ, ಬದಲಾವಣೆಯೋ?

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ನಾಡದೋಣಿಗಳಿಗೆ ವಿನಾಯಿತಿ ಇರುವುದರಿಂದ ಅವುಗಳ ಪಾಲಿಗೆ ಇದು ದುಡಿಮೆಯ ಕಾಲ. ಅಳಿವೆ ಬಾಗಿಲಿನ ಅಲೆಗೆ ದೋಣಿ ಮಗುಚಿ, ಔಟ್‌ಬೋರ್ಡ್ ಎಂಜಿನ್ ಉಪ್ಪುನೀರು ಕುಡಿಯುವ ಅವಘಡಗಳು ಸಂಭವಿಸುವುದೂ ಇದೇ ಮಳೆಗಾಲದಲ್ಲಿ. ಆಗ ಮಾಲೀಕನಿಗೆ ಮೆಕ್ಯಾನಿಕ್ ದುರಸ್ತಿಯನ್ನೂ ಮಾರಾಟಗಾರ ಹೊಸ ಎಂಜಿನ್ನನ್ನೂ ಸೂಚಿಸುತ್ತಾರೆ. ಇಬ್ಬರ ಸಲಹೆಯಲ್ಲಿಯೂ ಅವರವರ ವ್ಯಾಪಾರ ಅಡಗಿರುವುದು ಸಹಜ.

ದುರಸ್ತಿ ವೆಚ್ಚ ಹೊಸದರ ಬೆಲೆಯ ಅರ್ಧವನ್ನು ಮೀರದಿದ್ದರೆ ದುರಸ್ತಿಯೇ ಲೇಸೆಂಬ ರೂಢಿಯ ಲೆಕ್ಕವೊಂದಿದೆ. ಕಾರ್ಖಾನೆಯ ಲೇತ್‌ಗೆ ಈ ಲೆಕ್ಕ ಒಪ್ಪೀತು. ಮುಳುಗಿದ ಎಂಜಿನ್ನಿಗೆ ಒಪ್ಪುವುದಿಲ್ಲ. ಅಲ್ಲಿ ಬೆಲೆಗಿಂತ ಮೊದಲು ನೋಡಬೇಕಾದುದು ಗಡಿಯಾರವನ್ನು. ನೀರಿನಿಂದ ಮೇಲೆತ್ತಿದ ಎಂಜಿನ್ನಿಗೆ ಗಾಳಿ ತಗುಲಿದೊಡನೆ ಕ್ರ್ಯಾಂಕ್‌ಶಾಫ್ಟ್ ಮತ್ತು ಬೇರಿಂಗ್‌ಗಳ ಉಕ್ಕಿಗೆ ತುಕ್ಕು ಹಿಡಿಯಲಾರಂಭಿಸುತ್ತದೆ. ಅದೇ ದಿನ ಸಿಹಿನೀರಿನಲ್ಲಿ ತೊಳೆದು, ಸ್ಪಾರ್ಕ್ ಪ್ಲಗ್ ತೆಗೆದು ಒಳಗಿನ ನೀರನ್ನು ಹೊರಹಾಕಿ, ಸಿಲಿಂಡರಿಗೆ ಎಣ್ಣೆ ಬಿಟ್ಟರೆ ಎಂಜಿನ್ ಉಳಿಯುವ ಸಂಭವ ಹೆಚ್ಚು. ಮೆಕ್ಯಾನಿಕ್ ತಕ್ಷಣ ದೊರೆಯದಿದ್ದರೆ ಅದನ್ನು ಸಿಹಿನೀರಿನ ಪೀಪಾಯಿಯಲ್ಲಿ ಮುಳುಗಿಸಿಡುವುದೇ ಕ್ಷೇಮ. ಬಿಸಿಲಿನಲ್ಲಿ ಒಣಗಿಸುವುದು ಅದನ್ನು ಕೊಂದಂತೆ. ಓಡುತ್ತಿರುವಾಗಲೇ ಮುಳುಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರಬಹುದು; ಸ್ಟಾರ್ಟರ್ ಹಗ್ಗವನ್ನು ಬಲವಂತದಿಂದ ಎಳೆಯಲಾಗದು.

ಎರಡು ಮೂರು ದಿನ ಹಾಗೆಯೇ ಬಿಟ್ಟ ಎಂಜಿನ್ ಕೂಡ ಒಮ್ಮೊಮ್ಮೆ ಚಾಲೂ ಆಗುತ್ತದೆ. ಮೋಸಹೋಗುವುದು ಇಲ್ಲಿಯೇ. ಗುಳಿಬಿದ್ದ ಬೇರಿಂಗ್ ಕೆಲವು ವಾರಗಳ ತರುವಾಯ ನಡುಗಡಲಿನಲ್ಲಿ ಕಚ್ಚಿಕೊಂಡರೆ ಅಪಾಯಕ್ಕೊಳಗಾಗುವುದು ಹಣ ಮಾತ್ರವಲ್ಲ.

ಲೆಕ್ಕದ ಮಾತಿಗೆ ಬಂದರೆ, ಹೊಸ ಎಂಜಿನ್ನಿಗೆ 2,00,000 ರೂ., ದುರಸ್ತಿಗೆ 60,000 ರೂ. ಎಂದು ಭಾವಿಸಬಹುದು. ಮೇಲ್ನೋಟಕ್ಕೆ ದುರಸ್ತಿಯೇ ಅಗ್ಗ. ಆದರೆ ಬಿಡಿಭಾಗಗಳಿಗಾಗಿ 15 ದಿನ ಕಾದು, ದಿನಕ್ಕೆ 3,000 ರೂ. ಆದಾಯ ತಪ್ಪಿದರೆ ವೆಚ್ಚ 1,05,000 ರೂ.ಗೆ ಏರುತ್ತದೆ. ದುರಸ್ತಿಯಾದ ಎಂಜಿನ್ ಎರಡು ವರ್ಷ ಬಾಳಿದರೆ ವರ್ಷಕ್ಕೆ 52,500 ರೂ.; ಹೊಸದು ಐದು ವರ್ಷ ಬಾಳಿದರೆ 40,000 ರೂ. ಅದೇ ದುರಸ್ತಿ ಮೂರು ವರ್ಷ ಬಾಳಿದರೆ 35,000 ರೂ. ಮಾತ್ರ. ಎಲ್ಲವೂ ನಿಂತಿರುವುದು ಬಾಳಿಕೆಯ ಮೇಲೆ. ಎಂಜಿನ್ ಬಿಚ್ಚುವ ಮುನ್ನ ಬಾಳಿಕೆಯನ್ನು ಯಾರೂ ಹೇಳಲಾರರು.

ಆದುದರಿಂದ ಬಿಚ್ಚಿ ನೋಡುವ ಕೂಲಿಯನ್ನು ಪ್ರತ್ಯೇಕವಾಗಿ ಪಡೆದು, ಲಿಖಿತ ಅಂದಾಜು ಪಟ್ಟಿ ನೀಡುವ ಪದ್ಧತಿಯನ್ನು ವರ್ಕ್‌ಶಾಪ್‌ಗಳು ರೂಢಿಸಿಕೊಳ್ಳಬೇಕು. ಉಚಿತವಾಗಿ ಬಿಚ್ಚಿದ ಎಂಜಿನ್ ಅಲ್ಲಿಯೇ ಒತ್ತೆ ಬಿದ್ದಂತಾಗುತ್ತದೆ. ಮಾಲೀಕನಿಗೆ ಬೇರೆ ಆಯ್ಕೆ ಉಳಿಯುವುದಿಲ್ಲ. ಪ್ರೊಪೆಲ್ಲರ್, ಕಾರ್ಬ್ಯುರೇಟರ್, ಇಗ್ನಿಷನ್ ಕಾಯಿಲ್‌ಗಳಿಗಷ್ಟೇ ಹಾನಿಯಾಗಿದ್ದರೆ ದುರಸ್ತಿಗೆ ಹಿಂಜರಿಯಬೇಕಾಗಿಲ್ಲ. ಕ್ರ್ಯಾಂಕ್‌ಕೇಸ್ ಮತ್ತು ಸಿಲಿಂಡರ್ ಬ್ಲಾಕ್ ತಿಂದುಹೋಗಿದ್ದರೆ ಹಣ ಸುರಿಯುವುದು ವ್ಯರ್ಥ.

ಲೆಕ್ಕಪತ್ರ ಇಡುವ ವರ್ತಕರು ತೆರಿಗೆಯ ಅಂಶವನ್ನೂ ಗಮನಿಸುವುದು ಒಳಿತು. ಇರುವ ಸ್ವತ್ತನ್ನು ಉಳಿಸಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಸ್ವತ್ತು ತರುವುದಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಹೊಸ ಎಂಜಿನ್ನಿನ ಬೆಲೆಯನ್ನು ಸವಕಳಿಯ ರೂಪದಲ್ಲಿಯೇ ಕಳೆಯಬೇಕಾಗುತ್ತದೆ.

ಬದಲಾಯಿಸಿದ ಹಳೆಯ ಎಂಜಿನ್ನನ್ನು ಗುಜರಿಗೆ ತೂಗಿ ಕೊಡುವ ಅವಸರವೂ ಸಲ್ಲದು. ಗೇರ್‌ಕೇಸ್ ಮತ್ತು ಪ್ರೊಪೆಲ್ಲರ್ ಸುಸ್ಥಿತಿಯಲ್ಲಿದ್ದರೆ ಅದೇ ಮಾದರಿಯ ಎಂಜಿನ್ ಇರುವ ನೆರೆಯ ದೋಣಿಯವನು ಗುಜರಿಯವನಿಗಿಂತ ಉತ್ತಮ ಗಿರಾಕಿ.